ಸಕ್ಕಿಂಗ್ ಲಾರಿ ಬಾರದ ಮನೆಯ ಸೆಪ್ಟಿಕ್ ಟ್ಯಾಂಕ್

"ಇಪ್ಪತ್ತು ವರ್ಷವಾಯಿತು ಡಾಕ್ಟ್ರೇ, ನಮ್ಮ ಟ್ಯಾಂಕು ಒಮ್ಮೆಯೂ ತುಂಬಿಲ್ಲ." ಗುಡ್ಡದ ಮೇಲೆ ಅಥವಾ ತೋಟದ ನಡುವೆ ಮನೆ ಇರುವವರು ಹೆಮ್ಮೆಯಿಂದ ಹೇಳುವ ಮಾತಿದು. ಅದೇ ಮನೆಯಿಂದ ಮಳೆಗಾಲದಲ್ಲಿ ಒಬ್ಬರ ನಂತರ ಒಬ್ಬರು ಕಾಮಾಲೆ, ವಾಂತಿಭೇದಿ ಎಂದು ಬರುವುದೂ ಉಂಟು. ಈ ಎರಡು ಸಂಗತಿಗಳಿಗೂ ಸಂಬಂಧವಿರಬಹುದು ಎಂದು ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ.

ಆರೋಗ್ಯವನ್ನು ಕಾಯುವ ಆರು ಅಗತ್ಯಗಳನ್ನು ಯೂನಾನಿ ವೈದ್ಯಶಾಸ್ತ್ರವು ಅಸ್ಬಾಬೆ ಸಿತ್ತಾ ಝರೂರಿಯ್ಯ ಎನ್ನುತ್ತದೆ. ಮೊದಲನೆಯದು ಗಾಳಿ, ಎರಡನೆಯದು ಅನ್ನಪಾನ. ಕೊನೆಯದು ದೇಹದಲ್ಲಿ ಉಳಿಯಬೇಕಾದದ್ದು ಉಳಿಯುವುದು, ಹೊರಹೋಗಬೇಕಾದದ್ದು ಹೊರಹೋಗುವುದು. ಹೊರಹೋದದ್ದು ತಿರುಗಿ ಕುಡಿಯುವ ನೀರಿಗೆ ಬಂದು ಸೇರಿದರೆ ಯಾವ ಕಷಾಯವೂ ಅದಕ್ಕೆ ಉತ್ತರವಲ್ಲ. ದಕ್ಷಿಣ ಕನ್ನಡ, ಉಡುಪಿ, ಕೊಡಗು, ಮಲೆನಾಡಿನ ಕಡೆ ಲಾರಿ ಹೋಗದ ದಾರಿಯ ತುದಿಯಲ್ಲಿ ಇರುವ ಮನೆಯವರು ತಮ್ಮ ಸೆಪ್ಟಿಕ್ ಟ್ಯಾಂಕನ್ನು ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಈ ತಿಂಗಳು ಕ್ರಮವಾಗಿ ತಿಳಿದುಕೊಳ್ಳೋಣ.

ಟ್ಯಾಂಕಿನೊಳಗೆ ನಡೆಯುವುದೇನು?

ಸರಿಯಾದ ಸೆಪ್ಟಿಕ್ ಟ್ಯಾಂಕಿಗೆ ತಳವಿರುತ್ತದೆ. ಗೋಡೆ ಮತ್ತು ತಳದಿಂದ ನೀರು ಸೋರುವುದಿಲ್ಲ. ಶೌಚಾಲಯದಿಂದ ಬಂದದ್ದು ಅದರೊಳಗೆ ಮೂರು ಪದರಗಳಾಗಿ ಬೇರೆಯಾಗುತ್ತದೆ. ಭಾರವಾದದ್ದು ತಳದಲ್ಲಿ ಗಷ್ಟಾಗಿ ಕೂರುತ್ತದೆ. ಎಣ್ಣೆ, ಜಿಡ್ಡು, ನೊರೆ ಮೇಲೆ ಕೆನೆಯಂತೆ ತೇಲುತ್ತದೆ. ನಡುವೆ ನೀರು ನಿಲ್ಲುತ್ತದೆ. ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಗಷ್ಟನ್ನು ನಿಧಾನವಾಗಿ ಕರಗಿಸುತ್ತವೆ. ಆದರೆ ಪೂರ್ತಿ ಕರಗಿಸಲಾರವು. ಉಳಿದದ್ದು ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಗುತ್ತದೆ.

ನಡುವಿನ ನೀರು ಮಾತ್ರ ಹೊರಗಿನ ಇಂಗುಗುಂಡಿಗೆ ಹೋಗಬೇಕು. ಈ ನೀರೂ ಶುದ್ಧವಲ್ಲ, ರೋಗಾಣುಗಳು ಅದರಲ್ಲಿ ಇದ್ದೇ ಇರುತ್ತವೆ. ಅವುಗಳನ್ನು ತಡೆಯುವ ಕೆಲಸ ಮಾಡುವುದು ಇಂಗುಗುಂಡಿಯ ಸುತ್ತಲಿನ ಮಣ್ಣು. ಟ್ಯಾಂಕನ್ನು ಸಕಾಲದಲ್ಲಿ ಖಾಲಿ ಮಾಡದಿದ್ದರೆ ಗಷ್ಟು ನೇರವಾಗಿ ಇಂಗುಗುಂಡಿಗೆ ಹರಿದು ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ. ಆಮೇಲೆ ಟ್ಯಾಂಕು ಖಾಲಿ ಮಾಡಿದರೂ ನೀರು ಇಂಗುವುದಿಲ್ಲ. ಹೊಸ ಗುಂಡಿಯನ್ನೇ ತೋಡಬೇಕಾಗುತ್ತದೆ.

ಐದು ಜನರ ಮನೆಗೆ ಭಾರತೀಯ ಮಾನಕ ಸೂಚಿಸುವ ಅಳತೆ ಸುಮಾರು 1.5 ಮೀಟರ್ ಉದ್ದ, 0.75 ಮೀಟರ್ ಅಗಲ, 1 ಮೀಟರ್ ನೀರಿನ ಆಳ. ಇಂಥ ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸುವುದು ವಾಡಿಕೆ.

ತುಂಬದ ಟ್ಯಾಂಕು ಒಳ್ಳೆಯ ಸುದ್ದಿಯಲ್ಲ

ಹಾಗಾದರೆ ಇಪ್ಪತ್ತು ವರ್ಷ ತುಂಬದ ಟ್ಯಾಂಕಿನ ಗುಟ್ಟೇನು? ನಮ್ಮ ಕಡೆ ಸೆಪ್ಟಿಕ್ ಟ್ಯಾಂಕ್ ಎಂದು ಕರೆಯುವ ಎಷ್ಟೋ ಗುಂಡಿಗಳಿಗೆ ತಳವೇ ಇಲ್ಲ. ನಾಲ್ಕು ಸುತ್ತ ಕೆಂಪುಕಲ್ಲು ಕಟ್ಟಿ, ಮೇಲೆ ಚಪ್ಪಡಿ ಹಾಕಿರುತ್ತಾರೆ. ಅದು ತುಂಬುವುದಿಲ್ಲ, ಏಕೆಂದರೆ ಹೊಲಸು ನೀರು ನೇರವಾಗಿ ಭೂಮಿಯೊಳಗೆ ಇಳಿದುಹೋಗುತ್ತಿದೆ.

ಮರಳು ಮಿಶ್ರಿತ ಮಣ್ಣಿನಲ್ಲಿ ನೀರು ನಿಧಾನವಾಗಿ ಸೋಸಿಕೊಂಡು ಇಳಿಯುತ್ತದೆ. ಕೆಂಪುಕಲ್ಲಿನ ನೆಲ ಹಾಗಲ್ಲ. ಅದರೊಳಗೆ ತೂತುಗಳು, ಬಿರುಕುಗಳು, ಕೆಲವೆಡೆ ಸಣ್ಣ ಸುರಂಗದಂಥ ದಾರಿಗಳೇ ಇರುತ್ತವೆ. ಮಳೆಗಾಲದಲ್ಲಿ ಬಾವಿಯ ನೀರು ಮೇಲೇರಿದಾಗ ಗುಂಡಿಗೂ ಬಾವಿಗೂ ನಡುವಿನ ಅಂತರ ಇನ್ನಷ್ಟು ಕಡಿಮೆಯಾಗುತ್ತದೆ. ಇಂಗುಗುಂಡಿಯು ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ದೂರವಿರಬೇಕು ಎಂಬುದು ನಿಯಮ. ಕೆಂಪುಕಲ್ಲಿನ ನೆಲದಲ್ಲಿ ಅದಕ್ಕಿಂತ ಹೆಚ್ಚು ಇದ್ದಷ್ಟೂ ಒಳ್ಳೆಯದು. ಇಳಿಜಾರಿನಲ್ಲಿ ಬಾವಿ ಮೇಲೆ, ಗುಂಡಿ ಕೆಳಗೆ ಇರಬೇಕು. ನಿಮ್ಮ ಗುಂಡಿಯ ಕೆಳಗೆ ನೆರೆಮನೆಯವರ ಬಾವಿ ಇದ್ದರೆ ಅದನ್ನೂ ನಿಮ್ಮ ಬಾವಿಯೆಂದೇ ಲೆಕ್ಕ ಹಾಕಿ.

ಒಂದು ಕೋಲು, ಒಂದು ಬಿಳಿ ಬಟ್ಟೆ

ಟ್ಯಾಂಕು ಎಷ್ಟು ತುಂಬಿದೆ ಎಂದು ತಿಳಿಯಲು ತಜ್ಞರು ಬೇಕಿಲ್ಲ. ಎಂಟು ಅಡಿಯ ಬಿದಿರು ಅಥವಾ ಅಡಿಕೆ ಸಲಿಕೆ ತೆಗೆದುಕೊಂಡು, ಅದರ ಕೆಳಗಿನ ನಾಲ್ಕು ಅಡಿಗೆ ಹಳೆಯ ಬಿಳಿ ಬಟ್ಟೆಯನ್ನು ಬಿಗಿಯಾಗಿ ಸುತ್ತಿ ಕಟ್ಟಿ. ಟ್ಯಾಂಕಿನ ಸಣ್ಣ ಮುಚ್ಚಳವನ್ನು ತೆರೆದು ಸ್ವಲ್ಪ ಹೊತ್ತು ದೂರ ನಿಲ್ಲಿ. ನಂತರ ಗಾಳಿ ನಿಮ್ಮ ಬೆನ್ನ ಕಡೆಯಿಂದ ಬೀಸುವಂತೆ ನಿಂತು, ಬಾಯಿಗೆ ಮುಖ ಬಗ್ಗಿಸದೆ, ಕೋಲನ್ನು ತಳ ಮುಟ್ಟುವವರೆಗೆ ಮೆಲ್ಲನೆ ಇಳಿಸಿ. ಮೂರು ನಾಲ್ಕು ನಿಮಿಷ ಹಾಗೇ ಹಿಡಿದು ನೇರವಾಗಿ ಮೇಲೆತ್ತಿ. ಬಟ್ಟೆಯ ಮೇಲೆ ದಟ್ಟ ಕಪ್ಪಾಗಿರುವ ಭಾಗ ಗಷ್ಟಿನ ಎತ್ತರ. ಅದರ ಮೇಲಿನ ತೆಳು ಬಣ್ಣ ನೀರಿನದ್ದು.

ಗಷ್ಟು ಮತ್ತು ಮೇಲಿನ ಕೆನೆ ಸೇರಿ ಒಟ್ಟು ಆಳದ ಮೂರನೇ ಒಂದು ಭಾಗವನ್ನು ದಾಟಿದ್ದರೆ ಖಾಲಿ ಮಾಡಿಸುವ ಏರ್ಪಾಟು ಶುರುಮಾಡಿ. ಒಂದು ಮೀಟರ್ ನೀರಿರುವ ಟ್ಯಾಂಕಿನಲ್ಲಿ ಇದು ಸುಮಾರು ಒಂದು ಅಡಿಗೆ ಬರುತ್ತದೆ. ಅರ್ಧ ತುಂಬುವವರೆಗೆ ಕಾಯಬೇಡಿ. ಲಾರಿ ಸುಲಭವಾಗಿ ಬಾರದ ಮನೆಯವರು ಇತರರಿಗಿಂತ ಬೇಗನೆ ಎಚ್ಚರಗೊಳ್ಳಬೇಕು.

ಈ ಕೆಲಸಕ್ಕೆ ಕೈಗವಸು ಬೇಕು. ಹತ್ತಿರದಲ್ಲಿ ಇನ್ನೊಬ್ಬರು ಇರಬೇಕು, ಮಕ್ಕಳು ಇರಬಾರದು. ಬೀಡಿ ಸಿಗರೇಟು ಹಚ್ಚಬಾರದು. ಕೆಲಸ ಮುಗಿದ ಮೇಲೆ ಬಟ್ಟೆಯನ್ನು ಹೂಳಿ, ಕೋಲನ್ನು ತೊಳೆದು ಬಿಸಿಲಿಗೆ ಇಡಿ, ಕೈಗಳನ್ನು ಸೋಪಿನಿಂದ ತೊಳೆಯಿರಿ. ಅಳತೆ ಮತ್ತು ದಿನಾಂಕವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಎರಡು ವರ್ಷದ ಅಳತೆ ಕೈಯಲ್ಲಿದ್ದರೆ ಮುಂದೆ ಯಾವಾಗ ತುಂಬುತ್ತದೆ ಎಂದು ನೀವೇ ಹೇಳಬಲ್ಲಿರಿ.

ಕೋಲು ಹಾಕದೆಯೂ ಕಾಣುವ ಕೆಲವು ಸೂಚನೆಗಳಿವೆ. ಕಮೋಡಿನಲ್ಲಿ ನೀರು ನಿಧಾನವಾಗಿ ಇಳಿಯುವುದು, ಗುಳುಗುಳು ಸದ್ದು ಬರುವುದು, ಮನೆಯೊಳಗೆ ವಾಸನೆ ಹರಡುವುದು, ಬೇಸಿಗೆಯಲ್ಲೂ ಇಂಗುಗುಂಡಿಯ ಮೇಲೆ ಮಾತ್ರ ಹುಲ್ಲು ಹಸಿರಾಗಿರುವುದು ಅಥವಾ ನೆಲ ಒದ್ದೆಯಾಗಿರುವುದು.

ಟ್ಯಾಂಕಿಗೆ ಹೋಗಬಾರದ ವಸ್ತುಗಳು

ಲಾರಿ ಬಾರದ ಮನೆಯಲ್ಲಿ ನಿಮ್ಮ ಕೈಯಲ್ಲಿರುವ ಮುಖ್ಯ ಉಪಾಯವೆಂದರೆ ಟ್ಯಾಂಕು ತುಂಬುವುದನ್ನು ನಿಧಾನಗೊಳಿಸುವುದು.

ಜಿಡ್ಡು: ಬಿರಿಯಾನಿ ಪಾತ್ರೆಯ ತುಪ್ಪ, ಕರಿದ ಎಣ್ಣೆ, ಮಾಂಸ ತೊಳೆದ ನೀರು ಟ್ಯಾಂಕಿಗೆ ಹೋಗಬಾರದು. ತೊಳೆಯುವ ಮೊದಲು ಪಾತ್ರೆಯನ್ನು ಕಾಗದದಿಂದ ಒರೆಸಿ. ಅಡುಗೆಮನೆಯ ನೀರಿಗೆ ಬೇರೆಯೇ ಗುಂಡಿ ಇರಲಿ.

ಬಕ್ರೀದಿನ ದಿನ: ಕುರ್ಬಾನಿಯ ರಕ್ತ, ಕರುಳು, ಕೊಬ್ಬನ್ನು ಚೇಂಬರಿಗೆ ತಳ್ಳಿಬಿಡುವವರಿದ್ದಾರೆ. ಒಂದೇ ದಿನದಲ್ಲಿ ಅಷ್ಟು ಕೊಬ್ಬು ಬಿದ್ದರೆ ಹೊರಹೋಗುವ ಪೈಪು ಕಟ್ಟಿಕೊಳ್ಳುತ್ತದೆ. ಬಾವಿಯಿಂದ ದೂರದಲ್ಲಿ ಮೊದಲೇ ಗುಂಡಿ ತೋಡಿಟ್ಟು, ಸುಣ್ಣ ಹಾಕಿ, ನಾಯಿಗಳು ಕೆದರದಷ್ಟು ಆಳವಾಗಿ ಮಣ್ಣು ಮುಚ್ಚಿ.

ಕರಗದ ವಸ್ತುಗಳು: ಸ್ಯಾನಿಟರಿ ಪ್ಯಾಡ್, ಮಗುವಿನ ಡೈಪರ್, ಒದ್ದೆ ಟಿಶ್ಯೂ, ಕೂದಲು ವರ್ಷಗಟ್ಟಲೆ ಹಾಗೆಯೇ ಉಳಿಯುತ್ತವೆ. ಸಕ್ಕಿಂಗ್ ಪೈಪಿಗೆ ಸಿಕ್ಕಿಕೊಳ್ಳುವುದೂ ಇವೇ.

ಆಸಿಡ್, ಫಿನಾಯಿಲ್, ಬ್ಲೀಚಿಂಗ್ ಪುಡಿ: ಪ್ರತಿದಿನ ಧಾರಾಳವಾಗಿ ಸುರಿದರೆ ಗಷ್ಟನ್ನು ಕರಗಿಸುವ ಬ್ಯಾಕ್ಟೀರಿಯಾಗಳು ಸಾಯುತ್ತವೆ. ವಾರಕ್ಕೊಮ್ಮೆ ಸ್ವಲ್ಪ ಸೋಪಿನ ಪುಡಿ ಮತ್ತು ಬ್ರಷ್ ಸಾಕು. ಆಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಉಳಿದ ಆಂಟಿಬಯೋಟಿಕ್ ಮಾತ್ರೆಗಳನ್ನು ಕಮೋಡಿಗೆ ಹಾಕುವುದೂ ತಪ್ಪು.

ಟ್ಯಾಂಕಿಗೆ ಹಾಕುವ ಪುಡಿ, ಸಗಣಿ, ಬೆಲ್ಲ, ಯೀಸ್ಟ್ ಬಗ್ಗೆ ಹಲವರು ಕೇಳುತ್ತಾರೆ. ಇವು ಬೇಕಾಗಿಲ್ಲ. ಅಗತ್ಯವಾದ ಬ್ಯಾಕ್ಟೀರಿಯಾಗಳು ಮಲದಲ್ಲೇ ಇವೆ. ಖಾಲಿ ಮಾಡಿಸುವುದಕ್ಕೆ ಬದಲಾಗಿ ನಿಲ್ಲುವ ಪುಡಿ ಯಾವುದೂ ಇಲ್ಲ.

ನೀರಿನ ಮಿತಿ: ಹೆಚ್ಚು ನೀರು ಒಮ್ಮೆಲೇ ನುಗ್ಗಿದರೆ ಗಷ್ಟು ಕಲಕಿ ಹೊರಹೋಗುತ್ತದೆ. ಸ್ನಾನದ ನೀರು, ಬಟ್ಟೆ ತೊಳೆದ ನೀರು, ಛಾವಣಿಯ ಮಳೆನೀರು ಟ್ಯಾಂಕಿಗೆ ಸೇರಬಾರದು. ವುಝೂ ಮಾಡಿದ ನೀರನ್ನು ತೆಂಗಿನ ಅಥವಾ ಬಾಳೆಯ ಬುಡಕ್ಕೆ ತಿರುಗಿಸಿ. ಹತ್ತು ಜನರಿರುವ ಮನೆಯಲ್ಲಿ ಐದು ಹೊತ್ತಿನ ವುಝೂ ನೀರೇ ದಿನಕ್ಕೆ ಎಷ್ಟೋ ಬಿಂದಿಗೆಯಾಗುತ್ತದೆ. ಮದುವೆಗೆ, ವಲೀಮಾಕ್ಕೆ ನೂರಾರು ಜನ ಸೇರುವುದಿದ್ದರೆ ಐದು ಜನರ ಟ್ಯಾಂಕನ್ನು ನೆಚ್ಚಿಕೊಳ್ಳದೆ ತಾತ್ಕಾಲಿಕ ಶೌಚಾಲಯದ ವ್ಯವಸ್ಥೆ ಮಾಡಿ.

ಲಾರಿ ಬಾರದಿದ್ದರೆ ದಾರಿ ಏನು?

ಮೊದಲು ಅಳೆಯಿರಿ. ಲಾರಿ ನಿಲ್ಲಬಹುದಾದ ಜಾಗದಿಂದ ಟ್ಯಾಂಕಿನ ಮುಚ್ಚಳಕ್ಕೆ ಎಷ್ಟು ಅಡಿ ಎಂದು ಹಗ್ಗದಿಂದ ಅಳೆದು ಬರೆದುಕೊಳ್ಳಿ. ಸಕ್ಕಿಂಗ್ ಲಾರಿಯವರಿಗೆ ಫೋನ್ ಮಾಡಿ ಅವರ ಪೈಪು ಎಷ್ಟು ಉದ್ದ, ಎಷ್ಟು ಜೋಡಿಸಬಹುದು ಎಂದು ಕೇಳಿ. ಹತ್ತಿರದ ಲಾರಿಯಲ್ಲಿ ಇಲ್ಲದ ಪೈಪು ಇನ್ನೊಬ್ಬರಲ್ಲಿ ಇರಬಹುದು.

ಎತ್ತರವೂ ಮುಖ್ಯ. ಟ್ಯಾಂಕು ರಸ್ತೆಗಿಂತ ಮೇಲಿದ್ದರೆ ಎಳೆಯುವುದು ಸುಲಭ. ಕೆಳಗಿದ್ದರೆ ಕಷ್ಟ. ಯಾವ ಯಂತ್ರವೂ ಬರೀ ಹೀರುವಿಕೆಯಿಂದ ನೀರನ್ನು ಸುಮಾರು 33 ಅಡಿಗಿಂತ ಮೇಲೆ ಎತ್ತಲಾರದು. ದಪ್ಪ ಗಷ್ಟಿನ ವಿಷಯದಲ್ಲಿ ಅದು ಇನ್ನೂ ಬಹಳ ಕಡಿಮೆ.

ಸಮಯ ನೋಡಿಕೊಳ್ಳಿ. ಜನವರಿಯಿಂದ ಮಾರ್ಚ್‌ವರೆಗೆ ಮಣ್ಣಿನ ದಾರಿ ಗಟ್ಟಿಯಾಗಿರುತ್ತದೆ, ಗದ್ದೆಯ ಬದಿಯಲ್ಲೂ ಲಾರಿ ನಿಲ್ಲಬಹುದು. ಜೂನ್ ಬಂದರೆ ಆ ಅವಕಾಶ ಹೋಯಿತು. ಮಳೆಗಾಲದ ನಡುವೆ ಟ್ಯಾಂಕು ಖಾಲಿ ಮಾಡಿಸುವುದು ಹೇಗೂ ಸರಿಯಲ್ಲ. ಸುತ್ತಲಿನ ನೀರಿನ ಒತ್ತಡಕ್ಕೆ ಖಾಲಿ ಟ್ಯಾಂಕು ಬಿರುಕು ಬಿಡಬಹುದು, ಪ್ಲಾಸ್ಟಿಕ್ ಟ್ಯಾಂಕಾದರೆ ಮೇಲೆದ್ದು ಬರಬಹುದು. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಂದೇ ದಿನ ಕರೆಸಿದರೆ ದೂರದ ಲಾರಿಯೂ ಬರಲು ಒಪ್ಪುತ್ತದೆ, ಖರ್ಚೂ ಹಂಚಿಹೋಗುತ್ತದೆ. ತೆಗೆದದ್ದನ್ನು ಎಲ್ಲಿ ಹಾಕುತ್ತೀರಿ ಎಂದು ಕೇಳುವುದು ನಿಮ್ಮ ಹಕ್ಕು ಮತ್ತು ಹೊಣೆ. ರಾತ್ರಿ ತೋಡಿಗೋ ಕಾಡಿಗೋ ಸುರಿದರೆ ನಮ್ಮ ಹೊಲಸು ಇನ್ನೊಬ್ಬರ ಮನೆಯ ರೋಗವಾಗುತ್ತದೆ. ದೇವನಹಳ್ಳಿಯಲ್ಲಿ 2015ರಲ್ಲೇ ಮಲತ್ಯಾಜ್ಯ ಸಂಸ್ಕರಣಾ ಘಟಕ ಆರಂಭವಾಗಿದೆ. ನಿಮಗೆ ಹತ್ತಿರದ ಘಟಕ ಯಾವುದೆಂದು ಗ್ರಾಮ ಪಂಚಾಯತಿನಲ್ಲಿ ವಿಚಾರಿಸಿ.

ಯಾವ ರೀತಿಯಲ್ಲೂ ಲಾರಿ ತಲುಪದ ಮನೆಗೆ ಅವಳಿ ಗುಂಡಿಯ ಶೌಚಾಲಯವೇ ಸೂಕ್ತ. ಸ್ವಚ್ಛ ಭಾರತ್ ಮಿಷನ್ ಗ್ರಾಮಗಳಿಗೆ ಶಿಫಾರಸು ಮಾಡುವುದೂ ಇದನ್ನೇ. ಎರಡು ಗುಂಡಿಗಳಿಗೆ ಒಂದು ಚೇಂಬರಿನಿಂದ ಕವಲು ಪೈಪು ಹೋಗುತ್ತದೆ. ಒಂದು ಗುಂಡಿಯನ್ನು ಬಳಸುವಾಗ ಇನ್ನೊಂದರ ದಾರಿ ಮುಚ್ಚಿರಬೇಕು. ಮೊದಲನೆಯದು ತುಂಬಿದಾಗ ಅದನ್ನು ಮುಚ್ಚಿ ಎರಡನೆಯದನ್ನು ತೆರೆಯುತ್ತಾರೆ. ಮುಚ್ಚಿದ ಗುಂಡಿಯನ್ನು ಎರಡು ವರ್ಷ ಮುಟ್ಟದೆ ಬಿಟ್ಟರೆ ಒಳಗಿನದ್ದು ವಾಸನೆಯಿಲ್ಲದ ಒಣ ಗೊಬ್ಬರವಾಗುತ್ತದೆ. ಜಂತುಹುಳದ ಮೊಟ್ಟೆಗಳು ಬಹುಕಾಲ ಬದುಕುವುದರಿಂದ ಅವಸರ ಮಾಡಬಾರದು. ಈ ಗುಂಡಿಗಳಿಗೆ ಸ್ನಾನದ ನೀರನ್ನು ಬಿಡಬಾರದು. ಮಳೆಗಾಲದ ನೀರಿನ ಮಟ್ಟ ಗುಂಡಿಯ ತಳಕ್ಕಿಂತ ಎರಡು ಮೀಟರಾದರೂ ಕೆಳಗಿರುವ ಜಾಗದಲ್ಲಿ ಮಾತ್ರ ಇದು ಆಗುತ್ತದೆ. ಬಾವಿಯಿಂದ ದೂರದ ಎಚ್ಚರ ಇಲ್ಲಿಯೂ ಅಷ್ಟೇ.

ಹೊಸದಾಗಿ ಮನೆ ಕಟ್ಟುವವರಿಗೆ ಒಂದು ಮಾತು. ರಸ್ತೆ ಮನೆಗಿಂತ ಕೆಳಗಿದ್ದರೆ ಟ್ಯಾಂಕನ್ನು ಹಿತ್ತಲಿನಲ್ಲಿ ಕಟ್ಟದೆ ರಸ್ತೆಯ ಕಡೆಗೆ ಕಟ್ಟಿಸಿ. ನಾಲ್ಕು ಪೈಪು ಹೆಚ್ಚು ಬೇಕಾಗಬಹುದು, ಮುಂದಿನ ಮೂವತ್ತು ವರ್ಷದ ತೊಂದರೆ ತಪ್ಪುತ್ತದೆ.

ಒಳಗೆ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ

ಲಾರಿ ಸಿಗದಿದ್ದಾಗ ಬರುವ ದೊಡ್ಡ ಅಪಾಯವಿದು. "ಇಬ್ಬರು ಕೂಲಿಯವರನ್ನು ಕರೆದರೆ ಅರ್ಧ ದಿನದ ಕೆಲಸ" ಎಂದು ಯಾರಾದರೂ ಸಲಹೆ ಕೊಡುತ್ತಾರೆ. ಅದಕ್ಕೆ ಒಪ್ಪಬೇಡಿ.

ಟ್ಯಾಂಕಿನೊಳಗೆ ಹೈಡ್ರೋಜನ್ ಸಲ್ಫೈಡ್ ಮತ್ತು ಮೀಥೇನ್ ಅನಿಲಗಳಿರುತ್ತವೆ, ಆಮ್ಲಜನಕ ಕಡಿಮೆ ಇರುತ್ತದೆ. ಹೈಡ್ರೋಜನ್ ಸಲ್ಫೈಡಿಗೆ ಕೊಳೆತ ಮೊಟ್ಟೆಯ ವಾಸನೆ. ಆದರೆ ಅದರ ಪ್ರಮಾಣ ಹೆಚ್ಚಾದಾಗ ಮೂಗಿನ ವಾಸನಾಶಕ್ತಿಯೇ ಸತ್ತುಹೋಗುತ್ತದೆ. ವಾಸನೆ ಹೋಯಿತೆಂದು ಇಳಿದವನು ಕೆಲವೇ ಉಸಿರಿನಲ್ಲಿ ಕುಸಿಯಬಹುದು. ಅವನನ್ನು ಎತ್ತಲು ಇಳಿದ ಅಣ್ಣನೋ ತಮ್ಮನೋ ಅವನ ಮೇಲೆಯೇ ಬೀಳುತ್ತಾನೆ. ಇಂಥ ದುರಂತಗಳಲ್ಲಿ ಒಟ್ಟಿಗೆ ಇಬ್ಬರು ಮೂವರು ಸಾಯುವುದು ಈ ಕಾರಣಕ್ಕೆ. ಬಾವಿಗೆ ಇಳಿಯುವ ಮೊದಲು ದೀಪ ಇಳಿಸಿ ನೋಡುವ ಹಳೆಯ ರೂಢಿಯನ್ನು ಇಲ್ಲಿ ಪ್ರಯೋಗಿಸಬೇಡಿ. ದೀಪ ಉರಿದರೂ ವಿಷಾನಿಲ ಇರಬಹುದು, ಮೀಥೇನ್ ಇದ್ದರೆ ಬೆಂಕಿಯೇ ಹೊತ್ತಿಕೊಳ್ಳಬಹುದು.

ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲವೇ ಎರಡು ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಕೆಲಸ ಹೇಳಿದ ಮನೆಯವರೂ ಇದರಲ್ಲಿ ಬರುತ್ತಾರೆ. ಇಂಥ ಸಾವಿಗೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 30 ಲಕ್ಷ ರೂಪಾಯಿಗೆ ಏರಿಸಿದೆ. ಕಾನೂನಿನ ಮಾತು ಹಾಗಿರಲಿ, ನಮ್ಮ ಮನೆಯ ಮಗನನ್ನು ಇಳಿಸದ ಜಾಗಕ್ಕೆ ಇನ್ನೊಬ್ಬರ ಮಗನನ್ನು ಇಳಿಸುವ ನ್ಯಾಯ ಯಾವುದು?

ಯಾರಾದರೂ ಬಿದ್ದರೆ ಹಿಂದೆಯೇ ಇಳಿಯಬೇಡಿ. 112ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳ ಮತ್ತು ಆಂಬುಲೆನ್ಸ್ ಎರಡೂ ಬೇಕೆಂದು ಹೇಳಿ. ಮೇಲಿನಿಂದ ಹಗ್ಗ ಹಿಡಿಯುವ ಎಚ್ಚರ ಅವರಿಗಿದ್ದರೆ ಹಗ್ಗ ಕೊಟ್ಟು ಎಳೆಯಿರಿ. ಹೊರತೆಗೆದ ಮೇಲೆ ತೆರೆದ ಗಾಳಿಯಲ್ಲಿ ಮಲಗಿಸಿ. ಉಸಿರಿಲ್ಲದಿದ್ದರೆ ಆಂಬುಲೆನ್ಸ್ ಬರುವವರೆಗೆ ಎದೆಯ ನಡುವೆ ಬಲವಾಗಿ, ಬಿಡದೆ ಒತ್ತುತ್ತಿರಿ. ಚಪ್ಪಡಿ ಬಿರುಕು ಬಿಟ್ಟಿದ್ದರೆ, ಮುಚ್ಚಳ ಅಲುಗಾಡುತ್ತಿದ್ದರೆ ಇವತ್ತೇ ಸರಿಮಾಡಿಸಿ. ಆಡುವ ಮಕ್ಕಳಿಗೆ ಅದು ಬರೀ ಅಂಗಳದ ಒಂದು ಮೂಲೆ.

ಬೀಗ ಹಾಕಿದ ಮನೆಗಳು

ಕರಾವಳಿಯಲ್ಲಿ ಹಲವು ಮನೆಗಳು ವರ್ಷದಲ್ಲಿ ಹತ್ತು ತಿಂಗಳು ಮುಚ್ಚಿರುತ್ತವೆ. ಮನೆಯವರು ಗಲ್ಫಿನಲ್ಲಿ, ಊರಿಗೆ ಬರುವುದು ರಜೆಗೆ ಮಾತ್ರ. ಇಂಥ ಮನೆಯ ಟ್ಯಾಂಕನ್ನು ಹೊರಡುವ ಮುನ್ನ ಖಾಲಿ ಮಾಡಿಸುವ ಅಗತ್ಯವಿಲ್ಲ. ಆದರೆ ಕಮೋಡಿನ ಬಾಗಿದ ಪೈಪಿನಲ್ಲಿರುವ ನೀರು ಆರಿಹೋದರೆ ಅನಿಲವೂ ಸೊಳ್ಳೆಯೂ ಮನೆಯೊಳಗೆ ಬರುತ್ತವೆ. ಮನೆ ನೋಡಿಕೊಳ್ಳುವವರಿಗೆ ತಿಂಗಳಿಗೆರಡು ಬಾರಿ ಪ್ರತಿ ಶೌಚಾಲಯಕ್ಕೆ ಅರ್ಧ ಬಕೆಟ್ ನೀರು ಹಾಕಲು ಹೇಳಿ.

ಗಾಳಿ ಪೈಪಿನ ತುದಿಗೆ ನೈಲಾನ್ ಬಲೆ ಕಟ್ಟಿ. ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆಗೆ ಸೆಪ್ಟಿಕ್ ಟ್ಯಾಂಕು ಇಷ್ಟದ ತಾಣ. ಮುಚ್ಚಳದ ಸಂದುಗಳನ್ನೂ ಸಿಮೆಂಟಿನಿಂದ ಮುಚ್ಚಿಸಿ.

ಬಾವಿ ನೀರು ಮತ್ತು ಕಾಯಿಲೆ

ಮಲದಿಂದ ಕೆಟ್ಟ ನೀರು ಕಾಲರಾ, ಟೈಫಾಯಿಡ್, ಆಮಶಂಕೆಗೆ ದಾರಿ. ಕಾಮಾಲೆ ತರುವ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳು ಬರುವುದೂ ಇದೇ ದಾರಿಯಲ್ಲಿ. ವೈರಸ್ ದೇಹ ಸೇರಿದ ಕೆಲವು ವಾರಗಳ ನಂತರ ಕಣ್ಣು ಹಳದಿಯಾಗುವುದರಿಂದ ಜೂನಿನ ನೀರಿಗೂ ಜುಲೈ ಕೊನೆಯ ಕಾಯಿಲೆಗೂ ಸಂಬಂಧ ಕಾಣುವುದಿಲ್ಲ. ಯರ್ಖಾನ್ ಎಂದು ಬಂದವರಿಗೆ ಅರ್ಕೆ ಕಾಸನಿ ಬರೆದುಕೊಡುವ ಮೊದಲು ನಾನು ಕೇಳುವ ಪ್ರಶ್ನೆ, ಶೌಚಗುಂಡಿಯಿಂದ ಬಾವಿ ಎಷ್ಟು ದೂರ ಎಂಬುದು.

ಗರ್ಭಿಣಿಗೆ ಕಾಮಾಲೆ ಕಂಡರೆ ಮನೆಮದ್ದು, ಹಸಿರು ಮದ್ದು, ನನ್ನಂಥವರ ಮದ್ದು ಯಾವುದಕ್ಕೂ ಕಾಯದೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಕೊನೆಯ ಮೂರು ತಿಂಗಳಲ್ಲಿ ಹೆಪಟೈಟಿಸ್ ಇ ಬಂದರೆ ನೂರು ಗರ್ಭಿಣಿಯರಲ್ಲಿ 20ರಿಂದ 25 ಮಂದಿಯವರೆಗೆ ಸಾಯುವ ಸಾಧ್ಯತೆಯಿದೆ.

ಬಾವಿ ನೀರನ್ನು ವರ್ಷಕ್ಕೆ ಎರಡು ಸಲ, ಮಳೆಗೆ ಮೊದಲು ಮತ್ತು ಮಳೆ ಶುರುವಾದ ಮೇಲೆ, ಪರೀಕ್ಷೆ ಮಾಡಿಸಿ. ಪಂಚಾಯತ್ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿದರೆ ದಾರಿ ತಿಳಿಸುತ್ತಾರೆ. ನೀರು ತಿಳಿಯಾಗಿದೆ, ರುಚಿಯಾಗಿದೆ ಎಂಬುದು ಪರೀಕ್ಷೆಯಲ್ಲ.

ಕ್ಲೋರಿನ್ ಹಾಕುವ ಲೆಕ್ಕ ಸರಳ. ಸಾವಿರ ಲೀಟರಿಗೆ 2.5 ಗ್ರಾಂ ಹೊಸ ಬ್ಲೀಚಿಂಗ್ ಪುಡಿ. 2 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್ ಆಯಿತು, ಅದಕ್ಕೆ 24 ಗ್ರಾಂ ಸಾಕು. ಬಕೆಟಿನಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು, ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ. ಅದನ್ನು ಬಾವಿಗೆ ಇಳಿಸಿ ನೀರಿನಲ್ಲಿ ಮೇಲೆ ಕೆಳಗೆ ಆಡಿಸಿ. ಒಂದು ಗಂಟೆ ನೀರು ಸೇದಬೇಡಿ, ರಾತ್ರಿ ಹಾಕಿದರೆ ಅನುಕೂಲ. ಗುಂಡಿಯಿಂದ ಬಾವಿಗೆ ಸೋರಿಕೆ ಇದ್ದರೆ ಕ್ಲೋರಿನ್ ತಾತ್ಕಾಲಿಕ ಉಪಾಯ ಮಾತ್ರ. ಅಂಥ ಮನೆಯಲ್ಲಿ ಗುಂಡಿ ಸರಿಯಾಗುವವರೆಗೆ ನೀರನ್ನು ಕೊತಕೊತ ಕುದಿಸಿಯೇ ಕುಡಿಯಬೇಕು, ಮಕ್ಕಳ ಬಾಟಲಿಗೂ ಅದನ್ನೇ ತುಂಬಬೇಕು.

ವರ್ಷದ ಪಟ್ಟಿ

ಡಿಸೆಂಬರ್: ಕೋಲಿನಿಂದ ಅಳೆದು ಪುಸ್ತಕದಲ್ಲಿ ಬರೆಯಿರಿ.

ಜನವರಿಯಿಂದ ಮಾರ್ಚ್: ಅಗತ್ಯವಿದ್ದರೆ ನೆರೆಯವರೊಂದಿಗೆ ಸೇರಿ ಲಾರಿ ಕರೆಸಿ. ಖಾಲಿಯಾದ ಮೇಲೆ ತೊಳೆಯಬೇಡಿ, ಸ್ವಲ್ಪ ಗಷ್ಟು ತಳದಲ್ಲಿ ಉಳಿದರೆ ಒಳ್ಳೆಯದು.

ಏಪ್ರಿಲ್: ಚಪ್ಪಡಿ, ಮುಚ್ಚಳ, ಗಾಳಿ ಪೈಪಿನ ಬಲೆ ನೋಡಿ. ಹತ್ತಿರದ ತೆಂಗು, ಹಲಸಿನ ಬೇರು ಗೋಡೆಗೆ ಬಂದಿದೆಯೇ ಗಮನಿಸಿ.

ಮೇ: ಛಾವಣಿಯ ನೀರು ಮತ್ತು ಅಂಗಳದ ನೀರು ಗುಂಡಿಯಿಂದ ದೂರ ಹರಿಯುವಂತೆ ಕಣಿ ತೋಡಿ. ಬಾವಿ ನೀರು ಪರೀಕ್ಷಿಸಿ.

ಜೂನ್‌ನಿಂದ ಸೆಪ್ಟೆಂಬರ್: ಕುದಿಸಿದ ನೀರು. ಜುಲೈಯಲ್ಲಿ ಮತ್ತೊಮ್ಮೆ ಪರೀಕ್ಷೆ. ಟ್ಯಾಂಕಿಗೆ ಬೀಳುವ ನೀರಿನಲ್ಲಿ ಮಿತಿ.

ಅಕ್ಟೋಬರ್, ನವೆಂಬರ್: ಇಂಗುಗುಂಡಿಯ ಸುತ್ತ ನೆಲ ಒಣಗಿದೆಯೇ ನೋಡಿ. ಒದ್ದೆ ಹಾಗೆಯೇ ಉಳಿದಿದ್ದರೆ ಬೇಸಿಗೆಯಲ್ಲಿ ಹೊಸ ಇಂಗುಗುಂಡಿಗೆ ಈಗಲೇ ಹಣ ತೆಗೆದಿಡಿ.

ಈ ಪಟ್ಟಿಯನ್ನು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ನಿಮ್ಮ ಟ್ಯಾಂಕಿಗೆ ತಳವಿದೆಯೇ ಎಂಬುದು ಗೊತ್ತಿಲ್ಲದಿದ್ದರೆ ಕಟ್ಟಿದ ಮೇಸ್ತ್ರಿಯನ್ನೋ ಮನೆಯ ಹಿರಿಯರನ್ನೋ ಈ ವಾರವೇ ಕೇಳಿ ತಿಳಿದುಕೊಳ್ಳಿ. ಹಾಗೆಯೇ ಬಾವಿಗೂ ಗುಂಡಿಗೂ ನಡುವಿನ ದೂರವನ್ನು ಹಗ್ಗ ಹಿಡಿದು ಅಳೆಯಿರಿ. 60 ಅಡಿಗಿಂತ ಕಡಿಮೆ ಬಂದರೆ ಇಂದಿನಿಂದಲೇ ನೀರು ಕುದಿಸಲು ಆರಂಭಿಸಿ.